ಸಲಹೆ ಆದೇಶವಾಗುವ ದಾರಿ: ತಾಂತ್ರಿಕ ಸಲಹಾ ಸಮಿತಿಯ ಕಡತದ ಜೊತೆಗೆ

ರೋಗವೊಂದು ಹಬ್ಬತೊಡಗಿದ ಮೊದಲ ವಾರದಲ್ಲಿ ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ, ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಸಮಿತಿಗೆ ಯಾರ್‍ಯಾರನ್ನು ಹಾಕಬೇಕು ಎಂಬುದು. ಹೆಸರುಗಳ ಪಟ್ಟಿ ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ. ಮೊದಲ ಟಿಪ್ಪಣಿಯಿಂದ ಕೊನೆಯ ಅನುಪಾಲನಾ ವರದಿಯವರೆಗೆ ತಾಂತ್ರಿಕ ಸಲಹಾ ಸಮಿತಿಯ ಕಡತ ನಿಭಾಯಿಸುವಾಗ ನಮ್ಮ ಹೆಚ್ಚಿನ ಸಮಯ ತಿಂದದ್ದು ಬೇರೆ ಮೂರು ಪ್ರಶ್ನೆಗಳು. ಸಮಿತಿ ಯಾವ ಕಾನೂನಿನ ಆಧಾರದ ಮೇಲೆ ನಿಂತಿದೆ? ಅದರ ಸಲಹೆ ಯಾರ ಮೇಜಿಗೆ ಹೋಗುತ್ತದೆ? ಅಲ್ಲಿಂದ ಎಷ್ಟು ಗಂಟೆಯಲ್ಲಿ ಆದೇಶವಾಗಿ ಹೊರಬೀಳುತ್ತದೆ? ಈ ಮೂರಕ್ಕೂ ಉತ್ತರ ಬರೆದಿಡದೆ ರಚಿಸಿದ ಸಮಿತಿಯಲ್ಲಿ ಎಷ್ಟೇ ದೊಡ್ಡ ತಜ್ಞರು ಕುಳಿತರೂ ಅವರ ಮಾತು ಸಭಾ ನಡವಳಿಯಲ್ಲೇ ಉಳಿದುಬಿಡುತ್ತದೆ. ಕರ್ನಾಟಕದಲ್ಲಿ ಈ ಕೆಲಸ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಕಡತ ಸಾಗುವ ಹಾದಿಯಲ್ಲೇ ಬರೆಯುತ್ತಿದ್ದೇವೆ.

ಕಾನೂನಿನಿಂದ ಶುರು ಮಾಡೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6ನೇ ನಮೂದು. ಸೋಂಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದು. ಪ್ಲೇಗಿನ ಕಾಲದಲ್ಲಿ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ 2ನೇ ಪ್ರಕರಣ ವಿಶೇಷ ಕ್ರಮಗಳ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. 2020ರಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಇವು ಕ್ರಮ ಕೈಗೊಳ್ಳುವ ಅಧಿಕಾರದ ಕಾನೂನುಗಳು. ಸಲಹಾ ಸಮಿತಿಯನ್ನು ಹೆಸರಿಟ್ಟು ಹೇಳುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರ 17ನೇ ಪ್ರಕರಣದಡಿ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ತಜ್ಞರ ಸಲಹಾ ಸಮಿತಿ ರಚಿಸಬಹುದು, 28ನೇ ಪ್ರಕರಣದಡಿ ಜಿಲ್ಲಾ ಪ್ರಾಧಿಕಾರವೂ ರಚಿಸಬಹುದು.

ಆದರೂ ರೂಢಿಯಲ್ಲಿರುವುದು ಮೂರನೆಯ ದಾರಿ: ಆರೋಗ್ಯ ಇಲಾಖೆ ತಾನೇ ಒಂದು ಸರ್ಕಾರಿ ಆದೇಶ ಹೊರಡಿಸಿ ಸಮಿತಿ ರಚಿಸುವುದು. ಇದು ಬೇಗ ಆಗುತ್ತದೆ, ಎರಡು ಮೂರು ದಿನ ಸಾಕು. ಇದರ ತೊಡಕು ತಡವಾಗಿ ಗೊತ್ತಾಗುತ್ತದೆ. ಇಲಾಖೆಯ ಸಮಿತಿಯ ಸಲಹೆ ಇಲಾಖೆಯ ಪ್ರಧಾನ ಕಾರ್ಯದರ್ಶಿಯವರೆಗೆ ಸಲೀಸಾಗಿ ಹೋಗುತ್ತದೆ. ಆದರೆ ಶಾಲೆ ಶಿಕ್ಷಣ ಇಲಾಖೆಯದು, ಸಂತೆ ಮತ್ತು ಮಾರುಕಟ್ಟೆ ಸ್ಥಳೀಯ ಸಂಸ್ಥೆಗಳದು, ಬಸ್ಸು ಸಾರಿಗೆ ಇಲಾಖೆಯದು. ಕರ್ನಾಟಕದಲ್ಲಿ ವೈದ್ಯಕೀಯ ಶಿಕ್ಷಣ ಇಲಾಖೆಯೂ ಪ್ರತ್ಯೇಕ, ಹಾಗಾಗಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಹಾಸಿಗೆಗಳ ಮಾತು ಬಂದಾಗಲೂ ಪತ್ರ ಇನ್ನೊಂದು ಇಲಾಖೆಗೆ ಹೋಗಬೇಕು. ಆರೋಗ್ಯ ಇಲಾಖೆಯ ಸಲಹೆ ಅಲ್ಲೆಲ್ಲ ಬರಿಯ ಪತ್ರವಾಗಿ ತಲುಪುತ್ತದೆ, ಪತ್ರಕ್ಕೆ ಉತ್ತರ ಪತ್ರ ಬರುತ್ತದೆ, ಅಷ್ಟರಲ್ಲಿ ಹತ್ತು ದಿನ ಕಳೆದಿರುತ್ತದೆ. ವಿಪತ್ತು ನಿರ್ವಹಣಾ ಕಾಯ್ದೆಯ ದಾರಿಯಲ್ಲಿ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಪ್ರಾಧಿಕಾರವಿದೆ, ಅದರ ಕೆಳಗೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರಾಗಿರುವ ರಾಜ್ಯ ಕಾರ್ಯಕಾರಿ ಸಮಿತಿ ಇದೆ. ಕಾರ್ಯಕಾರಿ ಸಮಿತಿಯ ನಿರ್ದೇಶನ ಎಲ್ಲ ಇಲಾಖೆಗಳಿಗೂ ಅನ್ವಯಿಸುತ್ತದೆ.

ಎರಡನ್ನೂ ಜೋಡಿಸುವ ಸುಲಭ ಉಪಾಯ ಒಂದಿದೆ. ಸಮಿತಿ ರಚನೆ ಇಲಾಖೆಯ ಆದೇಶದಲ್ಲೇ ಆಗಲಿ, ಆದರೆ ಆದೇಶದಲ್ಲಿ ಹೀಗೊಂದು ವಾಕ್ಯ ಇರಲಿ: ‘ಇತರೆ ಇಲಾಖೆಗಳಿಗೆ ಸಂಬಂಧಿಸಿದ ಶಿಫಾರಸುಗಳನ್ನು ಸದಸ್ಯ ಕಾರ್ಯದರ್ಶಿಯವರು 24 ಗಂಟೆಗಳ ಒಳಗಾಗಿ ರಾಜ್ಯ ಕಾರ್ಯಕಾರಿ ಸಮಿತಿಯ ಮುಂದೆ ಮಂಡಿಸತಕ್ಕದ್ದು.’ ಈ ಒಂದು ವಾಕ್ಯಕ್ಕಾಗಿ ಮುಖ್ಯ ಕಾರ್ಯದರ್ಶಿಯವರ ಕಚೇರಿಯ ಒಪ್ಪಿಗೆ ಬೇಕು, ಕಡತ ಒಂದು ದಿನ ಹೆಚ್ಚು ನಿಲ್ಲುತ್ತದೆ. ಆ ಒಂದು ದಿನವನ್ನು ಉಳಿಸಲು ಹೋಗಬಾರದು.

ಈಗ ಆದೇಶದ ಕರಡು. ರೂಪ ಎಲ್ಲರಿಗೂ ಗೊತ್ತಿರುವುದೇ: ‘ಕರ್ನಾಟಕ ಸರ್ಕಾರದ ನಡವಳಿಗಳು’, ವಿಷಯ, ‘ಓದಲಾಗಿದೆ’, ಪ್ರಸ್ತಾವನೆ, ಆದೇಶ, ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಅಧೀನ ಕಾರ್ಯದರ್ಶಿಯವರ ಸಹಿ. ‘ಓದಲಾಗಿದೆ’ ಭಾಗದಲ್ಲಿ ಅಧಿಕಾರ ಕೊಟ್ಟ ಕಾಯ್ದೆ, ಹಿಂದಿನ ಆದೇಶಗಳು, ಆಯುಕ್ತರ ಪ್ರಸ್ತಾವನೆ ಎಲ್ಲ ಸಂಖ್ಯೆ ಮತ್ತು ದಿನಾಂಕದೊಡನೆ ಬರಬೇಕು. ಅವಸರದಲ್ಲಿ ಆಗುವ ದೊಡ್ಡ ತಪ್ಪು ಹಳೆಯ ಆದೇಶವನ್ನು ನಕಲು ಮಾಡಿ ದಿನಾಂಕ ಬದಲಿಸುವುದು. 2020ರ ಆದೇಶಗಳಲ್ಲಿ ಉಲ್ಲಂಘನೆಗೆ ಭಾರತೀಯ ದಂಡ ಸಂಹಿತೆಯ 188ನೇ ಪ್ರಕರಣ ಎಂದಿರುತ್ತದೆ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 223ನೇ ಪ್ರಕರಣ ಇದೆ. ನಕಲು ಮಾಡಿದ ಕರಡು ಹಳೆಯ ಸಂಖ್ಯೆಯನ್ನೇ ಹೊತ್ತು ಹೊರಟರೆ, ಕೋರ್ಟಿನಲ್ಲಿ ಮೊದಲ ಪೆಟ್ಟು ಬೀಳುವುದೇ ಅಲ್ಲಿ.

ಆದೇಶದ ಜೀವ ಇರುವುದು ಕಾರ್ಯವ್ಯಾಪ್ತಿಯಲ್ಲಿ. ‘ರೋಗ ನಿಯಂತ್ರಣಕ್ಕೆ ಸಂಬಂಧಿಸಿದಂತೆ ಸರ್ಕಾರಕ್ಕೆ ಕಾಲಕಾಲಕ್ಕೆ ಸೂಕ್ತ ಸಲಹೆ ನೀಡುವುದು’ ಎಂದು ಒಂದೇ ಸಾಲು ಬರೆದರೆ ಸಮಿತಿಗೆ ಏನನ್ನು ಬೇಕಾದರೂ ಕೇಳಬಹುದು, ಏನನ್ನೂ ಕೇಳದೆ ಇರಲೂಬಹುದು. ನಾವು ಐದು ಆರು ಸಾಲಿನಲ್ಲಿ ಬಿಡಿಸಿ ಬರೆಯುತ್ತೇವೆ: ಯಾರಿಗೆ, ಎಷ್ಟು, ಯಾವ ವಿಧಾನದಿಂದ ಪರೀಕ್ಷೆ ಮಾಡಬೇಕು, ನಿರ್ಬಂಧ ಹೇರಲು ಮತ್ತು ತೆರವು ಮಾಡಲು ಯಾವ ಮಟ್ಟ ಇಟ್ಟುಕೊಳ್ಳಬೇಕು, ಚಿಕಿತ್ಸಾ ಮಾರ್ಗಸೂಚಿಯನ್ನು ಎಷ್ಟು ದಿನಕ್ಕೊಮ್ಮೆ ಪರಿಷ್ಕರಿಸಬೇಕು, ಲಸಿಕೆ ಅಥವಾ ಔಷಧ ಕಡಿಮೆ ಇದ್ದಾಗ ಯಾರಿಗೆ ಮೊದಲು, ಸಾವಿನ ಪರಿಶೋಧನೆಯ ವರದಿಗಳಿಂದ ಏನು ಬದಲಾಗಬೇಕು. ಜೊತೆಗೆ ಏನು ಈ ಸಮಿತಿಯ ಕೆಲಸ ಅಲ್ಲ ಎಂಬುದನ್ನೂ ಬರೆಯಬೇಕು. ಖರೀದಿಯ ದರ ನಿಗದಿ, ಟೆಂಡರ್‌ದಾರರ ಆಯ್ಕೆ ಇದರ ಕೈಗೆ ಬರಬಾರದು. ಯಂತ್ರಕ್ಕೆ ಯಾವ ಗುಣಮಟ್ಟ ಬೇಕೆಂದು ಸಮಿತಿ ಹೇಳಲಿ, ಯಾರಿಂದ ಕೊಳ್ಳಬೇಕೆಂದು ಹೇಳುವುದು ಬೇಡ. ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೋರುವ ಕಡತದಲ್ಲಿ ತಜ್ಞರ ನಡವಳಿಯನ್ನು ಸಮರ್ಥನೆಯಾಗಿ ಲಗತ್ತಿಸಿದರೆ, ವರ್ಷಗಳ ನಂತರ ಲೆಕ್ಕ ಪರಿಶೋಧನೆಯ ಪ್ರಶ್ನೆ ಒಬ್ಬ ನಿವೃತ್ತ ಪ್ರಾಧ್ಯಾಪಕರ ಮನೆ ಬಾಗಿಲಿಗೆ ಹೋಗುತ್ತದೆ. ಅವರನ್ನು ಅದರಿಂದ ಕಾಪಾಡುವುದು ಕರಡು ಬರೆಯುವವರ ಹೊಣೆ.

ಕಡತ ವಿಷಯ ನಿರ್ವಾಹಕರಿಂದ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿ, ಸಚಿವರು ಎಂಬ ಮೆಟ್ಟಿಲುಗಳನ್ನು ಹತ್ತುತ್ತದೆ. ದುಡ್ಡಿನ ಮಾತು ಬಂದೊಡನೆ ಆರ್ಥಿಕ ಇಲಾಖೆಯ ಸಹಮತಿ ಬೇಕಾಗುತ್ತದೆ. ಆದ್ದರಿಂದ ರಚನಾ ಆದೇಶದಲ್ಲಿ ‘ಚಾಲ್ತಿಯಲ್ಲಿರುವ ನಿಯಮಗಳಂತೆ ಪ್ರಯಾಣ ಭತ್ಯೆ, ದಿನ ಭತ್ಯೆ’ ಎಂದಷ್ಟೇ ಬರೆದು ನಿಲ್ಲಿಸುತ್ತೇವೆ. ಗೌರವಧನ, ದತ್ತಾಂಶ ವಿಶ್ಲೇಷಕರ ಸಂಬಳ, ಬಾಡಿಗೆ ವಾಹನ ಇವೆಲ್ಲ ಬೇರೆ ಕಡತದಲ್ಲಿ. ಒಂದೇ ಕಡತದಲ್ಲಿ ಎಲ್ಲ ತುಂಬಿದರೆ ಸಮಿತಿಯ ಹುಟ್ಟೇ ಸಹಮತಿಗಾಗಿ ಕಾಯುತ್ತದೆ.

ಸದಸ್ಯರ ಸಂಖ್ಯೆ 12ರಿಂದ 15 ಇದ್ದರೆ ಕೆಲಸ ನಡೆಯುತ್ತದೆ. 20 ದಾಟಿದರೆ ಒಬ್ಬೊಬ್ಬರು ನಾಲ್ಕು ನಿಮಿಷ ಮಾತನಾಡುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಅಧ್ಯಕ್ಷರ ಹಿನ್ನೆಲೆ ಯಾವುದಿರಬೇಕು ಎಂಬುದು ಸಮಿತಿಗೆ ಕೇಳುವ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಕರ್ನಾಟಕದ ಕೋವಿಡ್ ತಾಂತ್ರಿಕ ಸಲಹಾ ಸಮಿತಿಗೆ ಅಧ್ಯಕ್ಷರಾಗಿದ್ದ ಡಾ. ಎಂ.ಕೆ. ಸುದರ್ಶನ್ ಅವರದು ಸಮುದಾಯ ವೈದ್ಯಶಾಸ್ತ್ರ. ಸೋಂಕು ಹರಡುವ ಬಗೆ, ಪರೀಕ್ಷೆಯ ಪ್ರಮಾಣ, ನಿರ್ಬಂಧದ ಹೊತ್ತು ಇಂಥ ಪ್ರಶ್ನೆಗಳಿಗೆ ಆ ಹಿನ್ನೆಲೆ ಬೇಕು. ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಡಾ. ಸಂಜಯ್ ಓಕ್ ನೇತೃತ್ವದ ಕಾರ್ಯಪಡೆಯ ಮುಂದಿದ್ದ ಮುಖ್ಯ ಪ್ರಶ್ನೆ, ಗಂಭೀರ ಸ್ಥಿತಿಯ ರೋಗಿಗಳಿಗೆ ಚಿಕಿತ್ಸೆ ಹೇಗೆ, ಸಾವು ತಗ್ಗಿಸುವುದು ಹೇಗೆ ಎಂಬುದು. ಅಲ್ಲಿ ಹಾಸಿಗೆಯ ಪಕ್ಕ ನಿಂತು ಪಳಗಿದವರು ಬೇಕು. ಎರಡೂ ಪ್ರಶ್ನೆಗಳನ್ನು ಒಂದೇ ಸಮಿತಿಗೆ ಹೊರಿಸಿದರೆ, ಸಭೆಯ ಹೆಚ್ಚಿನ ಹೊತ್ತು ಔಷಧದ ಡೋಸ್ ಚರ್ಚೆಗೇ ಹೋಗಿ ಹರಡುವಿಕೆಯ ವಿಷಯ ಕೊನೆಯ ಹತ್ತು ನಿಮಿಷಕ್ಕೆ ಬೀಳುತ್ತದೆ. ಚಿಕಿತ್ಸೆಗೆ ಒಂದು ಉಪಸಮಿತಿ, ವೈರಾಣುವಿನ ವಂಶವಾಹಿ ಬದಲಾವಣೆಗಳ ಕಣ್ಗಾವಲಿಗೆ ಒಂದು, ಸಾವಿನ ಪರಿಶೋಧನೆಗೆ ಒಂದು ಮೊದಲೇ ಮಾಡಿಕೊಳ್ಳುವುದು ಲೇಸು.

ಸಾಂಕ್ರಾಮಿಕ ರೋಗಶಾಸ್ತ್ರ, ವೈರಾಣುಶಾಸ್ತ್ರ, ಶ್ವಾಸಕೋಶ, ಮಕ್ಕಳ ವೈದ್ಯ, ತುರ್ತು ನಿಗಾ ಇವೆಲ್ಲ ಎಲ್ಲರಿಗೂ ಹೊಳೆಯುತ್ತವೆ. ಮರೆತುಹೋಗುವವರು ಜೀವಸಂಖ್ಯಾಶಾಸ್ತ್ರಜ್ಞರು, ನರ್ಸಿಂಗ್ ಆಡಳಿತ ಬಲ್ಲವರು, ಮನೋವೈದ್ಯರು, ತಾಲ್ಲೂಕು ಆರೋಗ್ಯಾಧಿಕಾರಿಯಾಗಿ ಕೆಲಸ ಮಾಡಿದವರು. ಪಶುವೈದ್ಯರನ್ನಂತೂ ಬಿಡಲೇಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುವುದರ ಜೊತೆಗೇ ಮಂಗನ ಕಾಯಿಲೆ ಗುರುತಿಗೆ ಬಂದದ್ದು. ಅದು ನಡೆದ ರಾಜ್ಯದಲ್ಲಿ ಪಶುಸಂಗೋಪನೆ ಮತ್ತು ಅರಣ್ಯ ಇಲಾಖೆ ಇಲ್ಲದ ಸಮಿತಿ ಅರ್ಧ ಸಮಿತಿ. ಈ ಎರಡು ಇಲಾಖೆಗಳನ್ನು ವಿಶೇಷ ಆಹ್ವಾನಿತರೆಂದು ಹಾಕುವುದಕ್ಕಿಂತ ಪದನಿಮಿತ್ತ, ಅಂದರೆ ಹುದ್ದೆಯ ಕಾರಣದಿಂದಲೇ ಸದಸ್ಯರೆಂದು ಹಾಕಬೇಕು. ಆಹ್ವಾನಿತರಿಗೆ ಆಹ್ವಾನ ಹೋಗುವುದು ತಪ್ಪುತ್ತದೆ.

ಹಿತಾಸಕ್ತಿ ಘೋಷಣೆ ಒಂದು ಪುಟದ್ದು. ಲಸಿಕೆ ಅಥವಾ ಔಷಧದ ಪ್ರಯೋಗದಲ್ಲಿ ಸಂಶೋಧಕರಾಗಿದ್ದೀರಾ, ಪ್ರಯೋಗಾಲಯ ಅಥವಾ ಖಾಸಗಿ ಆಸ್ಪತ್ರೆಯಲ್ಲಿ ಪಾಲಿದೆಯಾ, ಸಲಹಾ ಶುಲ್ಕ ಪಡೆಯುತ್ತೀರಾ ಎಂಬ ಮೂರು ಪ್ರಶ್ನೆ ಸಾಕು. ಹೌದು ಎಂದವರನ್ನು ಕೈಬಿಡಬೇಕಿಲ್ಲ, ಆ ವಿಷಯ ಬಂದಾಗ ನಿರ್ಣಯದಿಂದ ಹೊರಗುಳಿದರೆಂದು ನಡವಳಿಯಲ್ಲಿ ಬರೆದರಾಯಿತು.

ಸಮಿತಿಯಲ್ಲಿ ಅತಿ ಮುಖ್ಯವಾದ ಕುರ್ಚಿ ಸದಸ್ಯ ಕಾರ್ಯದರ್ಶಿಯದು. ಕಾರ್ಯಸೂಚಿ ಸಿದ್ಧಪಡಿಸುವವರು, ದತ್ತಾಂಶ ತರಿಸುವವರು, ನಡವಳಿ ಬರೆಯುವವರು, ಆದೇಶದ ಕರಡು ಮೇಲಕ್ಕೆ ಕಳಿಸುವವರು ಅವರೇ. ಈ ಜಾಗಕ್ಕೆ ಈಗಾಗಲೇ ನಾಲ್ಕು ಹೊಣೆ ಇರುವ ಅಧಿಕಾರಿಯನ್ನು ಹೆಚ್ಚುವರಿ ಪ್ರಭಾರ ಎಂದು ಹಾಕಿದರೆ ಸಮಿತಿ ಎರಡನೇ ತಿಂಗಳಲ್ಲೇ ಸೊರಗುತ್ತದೆ. ಪೂರ್ಣಾವಧಿಯ ಒಬ್ಬ ವೈದ್ಯಾಧಿಕಾರಿ, ಒಬ್ಬ ದತ್ತಾಂಶ ವಿಶ್ಲೇಷಕ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕರಡು ಬರೆಯಬಲ್ಲ ಒಬ್ಬರು, ಇಷ್ಟು ಜನ ಇಲ್ಲದೆ ಶುರು ಮಾಡಬಾರದು.

ಸಭೆಗೆ ಮುನ್ನ ಕಳಿಸುವ ದತ್ತಾಂಶದ ಹಾಳೆ ನಾಲ್ಕು ಪುಟ ಮೀರದಂತೆ ನೋಡಿಕೊಳ್ಳುತ್ತೇವೆ, ಸಭೆಗೆ 24 ಗಂಟೆ ಮೊದಲು ಕೈಸೇರಬೇಕು. ಇದರಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಪಾಸಿಟಿವಿಟಿ ದರ. ಒಂದು ಲೆಕ್ಕ ನೋಡಿ. ಒಂದು ಜಿಲ್ಲೆಯಲ್ಲಿ ದಿನಕ್ಕೆ 2,000 ಪರೀಕ್ಷೆ, 160 ಪಾಸಿಟಿವ್, ಅಂದರೆ ಶೇ 8. ಆ 2,000ದಲ್ಲಿ 600 ಪ್ರಯಾಣಕ್ಕೆಂದೋ ಶಸ್ತ್ರಚಿಕಿತ್ಸೆಗೆಂದೋ ಮಾಡಿಸಿದವು, ಅವುಗಳಲ್ಲಿ ಪಾಸಿಟಿವ್ ಬರೀ 6 ಎಂದಿಟ್ಟುಕೊಳ್ಳಿ. ಉಳಿದ 1,400ರಲ್ಲಿ 154, ಅಂದರೆ ಶೇ 11. ಶೇ 10ರ ಗೆರೆ ಇಟ್ಟುಕೊಂಡಿದ್ದರೆ ಮೊದಲ ಲೆಕ್ಕದಲ್ಲಿ ಜಿಲ್ಲೆ ಗೆರೆಯ ಒಳಗಿದೆ, ಎರಡನೆಯದರಲ್ಲಿ ಹೊರಗಿದೆ. ಅದಕ್ಕೇ ಪರೀಕ್ಷೆಯ ಕಾರಣ ಮತ್ತು ವಿಧಾನ, ಆರ್‌ಟಿಪಿಸಿಆರ್ ಎಷ್ಟು, ರಾಪಿಡ್ ಎಷ್ಟು ಎಂಬುದು ಬೇರೆ ಬೇರೆ ಕಂಬಸಾಲಿನಲ್ಲಿ ಬರಬೇಕು. ಸಾವಿನ ಅಂಕಿಯ ಪಕ್ಕದಲ್ಲಿ ವರದಿಯಾದ ದಿನ ಮತ್ತು ಸಾವು ಸಂಭವಿಸಿದ ದಿನ ಎರಡೂ ಇರಬೇಕು. ತಡವಾಗಿ ಬಂದ ವರದಿಗಳೆಲ್ಲ ಒಂದೇ ದಿನಕ್ಕೆ ಸೇರಿದರೆ ಇಳಿಯುತ್ತಿರುವ ಅಲೆ ಏರುತ್ತಿರುವಂತೆ ಕಾಣುತ್ತದೆ. ಹಾಸಿಗೆಯ ಲೆಕ್ಕದಲ್ಲಿ ಮಂಜೂರಾದದ್ದು ಬೇಡ, ಸಿಬ್ಬಂದಿ ಇರುವ ಹಾಸಿಗೆಗಳಷ್ಟೇ ಬೇಕು.

ಆಮ್ಲಜನಕದ ಲೆಕ್ಕವನ್ನು ವೈದ್ಯರಲ್ಲದ ಅಧಿಕಾರಿಗಳಿಗೂ ಅರ್ಥವಾಗುವಂತೆ ಹಾಳೆಯಲ್ಲಿ ಬಿಡಿಸಿ ಬರೆಯುತ್ತೇವೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ದಿನಕ್ಕೆ 14,400 ಲೀಟರ್. ಸುಮಾರು 7,000 ಲೀಟರ್ ಹಿಡಿಯುವ ದೊಡ್ಡ ಸಿಲಿಂಡರಿನಲ್ಲಿ ಎರಡು. ಅಧಿಕ ಹರಿವಿನ ನಳಿಕೆಯಲ್ಲಿ ನಿಮಿಷಕ್ಕೆ 60 ಲೀಟರ್ ಹೋದರೆ ಅದೇ ಒಬ್ಬ ರೋಗಿಗೆ ಹನ್ನೆರಡಕ್ಕೂ ಹೆಚ್ಚು. ಒಂದು ಟನ್ ದ್ರವ ಆಮ್ಲಜನಕ ಅನಿಲವಾದರೆ ಸುಮಾರು ಏಳೂವರೆ ಲಕ್ಷ ಲೀಟರ್, ಅಂದರೆ 10 ಲೀಟರ್ ಹರಿವಿನ 52 ರೋಗಿಗಳ ಒಂದು ದಿನ. 2021ರಲ್ಲಿ ರಾಜ್ಯಗಳ ಹಂಚಿಕೆಗೆ ಕೇಂದ್ರ ಬಳಸಿದ ಸೂತ್ರದಲ್ಲಿ ಐಸಿಯು ಹಾಸಿಗೆಗೆ ನಿಮಿಷಕ್ಕೆ 24 ಲೀಟರ್, ಇತರೆ ಹಾಸಿಗೆಗೆ 10 ಲೀಟರ್, ಅದೂ ಇತರೆ ಹಾಸಿಗೆಗಳಲ್ಲಿ ಅರ್ಧದಷ್ಟಕ್ಕೇ ಆಮ್ಲಜನಕ ಬೇಕು ಎಂಬ ಎಣಿಕೆ ಇತ್ತು. ಆ ಎಣಿಕೆಯ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು, 2021ರ ಮೇ ತಿಂಗಳಲ್ಲಿ ಕೋರ್ಟ್ ತಾನೇ 12 ಸದಸ್ಯರ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಸೂತ್ರದೊಳಗೆ ಅಡಗಿದ ಊಹೆಯನ್ನು ಹಾಳೆಯ ಮೇಲೇ ಬರೆಯಬೇಕೆಂಬ ನಮ್ಮ ಹಟಕ್ಕೆ ಇದೇ ಕಾರಣ.

ಗೆರೆ ಯಾವ ರೋಗಕ್ಕೂ ಶಾಶ್ವತವಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಕೇಂದ್ರದ ಮಾರ್ಗಸೂಚಿ ಸ್ಥಳೀಯ ನಿರ್ಬಂಧಕ್ಕೆ ಕೊಟ್ಟ ಮಟ್ಟ ವಾರದ ಪಾಸಿಟಿವಿಟಿ ಶೇ 10 ಅಥವಾ ಆಮ್ಲಜನಕ, ಐಸಿಯು ಹಾಸಿಗೆಗಳಲ್ಲಿ ಶೇ 60 ಭರ್ತಿ. ಓಮೈಕ್ರಾನ್ ಬಂದಾಗ, ಅದೇ ವರ್ಷದ ಡಿಸೆಂಬರ್ 21ರ ಕೇಂದ್ರದ ಪತ್ರದಲ್ಲಿ, ಪಾಸಿಟಿವಿಟಿ ಅಷ್ಟೇ ಇಟ್ಟು ಹಾಸಿಗೆಯ ಮಟ್ಟವನ್ನು ಶೇ 40ಕ್ಕೆ ಇಳಿಸಲಾಯಿತು. ಬೇಗ ಹಬ್ಬುವ ರೂಪಾಂತರಿಗೆ ಶೇ 60 ತುಂಬುವವರೆಗೆ ಕಾದರೆ ಉಳಿದ ಹಾಸಿಗೆ ದಿನಗಳಲ್ಲೇ ತುಂಬಿಬಿಡುತ್ತದೆ. 2022ರ ಜನವರಿ 21ರಂದು ಕರ್ನಾಟಕ ವಾರಾಂತ್ಯದ ಕರ್ಫ್ಯೂ ತೆಗೆದಾಗ ನೋಡಿದ್ದು ಆಸ್ಪತ್ರೆ ಸೇರುವವರ ಪ್ರಮಾಣವನ್ನು, ಅದು ಶೇ 5 ದಾಟಿದರೆ ಮತ್ತೆ ಹೇರುವ ಮಾತೂ ಜೊತೆಗಿತ್ತು. ನಮ್ಮ ದೃಷ್ಟಿಯಲ್ಲಿ ಅದು ಒಳ್ಳೆಯ ಮಾದರಿ. ಹೇರುವ ಮಟ್ಟ, ತೆಗೆಯುವ ಮಟ್ಟ ಎರಡೂ ಒಂದೇ ಕಾಗದದಲ್ಲಿ ಇದ್ದರೆ ವ್ಯಾಪಾರಿಯೂ ಮುಂದಿನ ವಾರದ ಲೆಕ್ಕ ಹಾಕಿಕೊಳ್ಳಬಹುದು.

ಸಭೆ 90 ನಿಮಿಷ. ಅದಕ್ಕಿಂತ ಹೆಚ್ಚು ಎಳೆದರೆ ಸೇವೆಯಲ್ಲಿರುವ ವೈದ್ಯರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಕೊನೆಯ ನಿರ್ಣಯದ ಹೊತ್ತಿಗೆ ಕೋರಂ ಇರುವುದಿಲ್ಲ.

ಸಭೆ ಮುಗಿದ ಮೇಲಿನ ಆರು ಗಂಟೆಗಳೇ ನಿಜವಾದ ಕೆಲಸದ ಹೊತ್ತು. ನಡವಳಿ ಅದೇ ರಾತ್ರಿ ಸಿದ್ಧವಾಗಬೇಕು, ಮಾರನೆಯ ದಿನ ನೆನಪು ಮಸುಕಾಗುತ್ತದೆ, ಸುದ್ದಿವಾಹಿನಿಗಳಲ್ಲಿ ಬಂದ ಮಾತೇ ಸಮಿತಿಯ ಮಾತಾಗುತ್ತದೆ. ನಮ್ಮ ಕನ್ನಡದ ಕಚೇರಿ ಭಾಷೆಗೆ ಇಲ್ಲೊಂದು ದೌರ್ಬಲ್ಯವಿದೆ. ‘ಸೂಕ್ತ ಕ್ರಮ ವಹಿಸುವುದು’ ಎಂದು ಬರೆದರೆ ವಾಕ್ಯ ಪೂರ್ಣವಾಗಿಯೇ ಕಾಣುತ್ತದೆ, ಆದರೆ ಅದರಲ್ಲಿ ಕರ್ತೃವೇ ಇಲ್ಲ. ಯಾರು ವಹಿಸಬೇಕು? ಯಾವಾಗ? ಸೂಕ್ತ ಅಂದರೆ ಎಷ್ಟು? ಆದ್ದರಿಂದ ಒಂದು ಶಿಫಾರಸಿಗೆ ಒಂದು ಅಡ್ಡಸಾಲು: ಮಾಡಬೇಕಾದದ್ದು, ಮಾಡಬೇಕಾದ ಅಧಿಕಾರಿಯ ಹುದ್ದೆ, ಗಡುವು, ಆಧಾರ, ಮತ್ತೆ ಪರಿಶೀಲಿಸುವ ದಿನ. ಕೊನೆಯ ಅಂಕಣ ಖಾಲಿ ಇದ್ದರೆ ನಿರ್ಬಂಧ ಯಾರ ಗಮನಕ್ಕೂ ಬಾರದೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ.

ಇನ್ನೊಂದು ತೊಡಕು ಅನುವಾದ. ತಜ್ಞರ ಚರ್ಚೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಗ್ರಾಮ ಪಂಚಾಯಿತಿಗೆ ತಲುಪುವ ಸುತ್ತೋಲೆ ಕನ್ನಡದಲ್ಲಿ. ಐಸೋಲೇಷನ್ ಎಂದರೆ ಸೋಂಕು ಖಚಿತವಾದವರನ್ನು ಬೇರೆ ಇಡುವುದು, ಕ್ವಾರಂಟೈನ್ ಎಂದರೆ ಸಂಪರ್ಕಕ್ಕೆ ಬಂದವರನ್ನು ನಿಗಾದಲ್ಲಿಡುವುದು. ಎರಡಕ್ಕೂ ‘ಪ್ರತ್ಯೇಕ ವಾಸ’ ಎಂದೇ ಬರೆದ ಸುತ್ತೋಲೆ ಹೋದರೆ, ಇಬ್ಬರನ್ನೂ ಒಂದೇ ಹಾಸ್ಟೆಲಿನಲ್ಲಿ ಇರಿಸುವ ಅಪಾಯವಿದೆ. ‘ಮಾಡಬಹುದು’ ಮತ್ತು ‘ಮಾಡತಕ್ಕದ್ದು’ ನಡುವಿನ ಅಂತರವೂ ಹಾಗೆಯೇ ಅಳಿಸಿಹೋಗುತ್ತದೆ. ಇಪ್ಪತ್ತು ಮೂವತ್ತು ಪದಗಳ ಒಂದು ಪದಪಟ್ಟಿಯನ್ನು ಅಧ್ಯಕ್ಷರಿಂದ ಒಪ್ಪಿಸಿಕೊಂಡು ಕಡತಕ್ಕೆ ಸೇರಿಸಿಟ್ಟರೆ ಈ ತಪ್ಪು ನಿಲ್ಲುತ್ತದೆ.

ಸಮಿತಿ ಶಿಫಾರಸು ಮಾಡುತ್ತದೆ, ತೀರ್ಮಾನ ಸರ್ಕಾರದ್ದು. ಜೀವನೋಪಾಯ, ಪರೀಕ್ಷೆ, ಜಾತ್ರೆ, ಚುನಾವಣೆ ಎಲ್ಲ ತೂಗಿ ನೋಡುವ ಹೊಣೆ ಅವರದ್ದು, ಅದನ್ನು ತಜ್ಞರು ಒಪ್ಪಲೇಬೇಕು. ಆದರೆ ಶಿಫಾರಸನ್ನು ಒಪ್ಪದಿದ್ದಾಗ ‘ಒಪ್ಪಿಲ್ಲ, ಕಾರಣ ಇಂತಿದೆ’ ಎಂದು ಕಡತದಲ್ಲಿ ಎರಡು ಸಾಲು ಬರೆಯಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸದಸ್ಯರೊಬ್ಬರು ಭಿನ್ನಮತ ಸೂಚಿಸಿದರೆ ಅದೂ ಅವರ ಹೆಸರಿನೊಂದಿಗೆ ನಡವಳಿಗೆ ಬರಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕರಣದ ಎಂಟನೇ ಅಂಶ, ಸಲಹೆಗಾಗಿ ರಚಿಸಿದ ಸಮಿತಿಗಳ ವಿವರವನ್ನೂ ಅವುಗಳ ನಡವಳಿ ಸಾರ್ವಜನಿಕರಿಗೆ ದೊರೆಯುತ್ತದೆಯೇ ಎಂಬುದನ್ನೂ ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆನ್ನುತ್ತದೆ. ಅರ್ಜಿ ಬರಲಿ ಎಂದು ಕಾಯದೆ, ರೋಗಿಗಳ ಗುರುತು ತೆಗೆದು ಏಳು ದಿನದೊಳಗೆ ಇಲಾಖೆಯ ಜಾಲತಾಣಕ್ಕೆ ಹಾಕಿದರೆ ಅರ್ಧದಷ್ಟು ಗಾಳಿಸುದ್ದಿ ಅಲ್ಲೇ ಸಾಯುತ್ತದೆ. ಸಮಿತಿಯ ಪರವಾಗಿ ಹೊರಗೆ ಮಾತನಾಡುವವರು ಒಬ್ಬರೇ ಇರಬೇಕು ಎಂಬ ನಿಯಮವೂ ಅದರ ಜೊತೆಗೇ ಬೇಕು. ನಡವಳಿ ಮುಚ್ಚಿಟ್ಟು, ಸದಸ್ಯರ ಬಾಯಿಯನ್ನೂ ಕಟ್ಟಿದರೆ ಜನ ನಂಬುವುದಿಲ್ಲ.

ಸಲಹೆ ಕಾನೂನಾಗಿ ನೆಲಕ್ಕಿಳಿಯುವುದು ಹೇಗಿರುತ್ತದೆ ಎನ್ನುವುದಕ್ಕೆ 2024ರ ಡೆಂಗಿ ಉದಾಹರಣೆ. ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ ಇಟ್ಟಿತು. ಯಾರು, ಎಲ್ಲಿ, ಎಷ್ಟು ಎಂಬುದು ಇಷ್ಟು ನಿಖರವಾಗಿ ಇದ್ದಾಗಲೇ ಕೆಳಗಿನ ಅಧಿಕಾರಿ ಕೆಲಸ ಮಾಡಬಲ್ಲ.

ಜಿಲ್ಲೆಗಳ ಬಗ್ಗೆ ಎರಡು ಮಾತು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ಐದು ಜನರ ಸಲಹಾ ಸಮಿತಿ ಸಾಕು, ಹತ್ತಿರದ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರೊಬ್ಬರು ಅದರಲ್ಲಿರಲಿ. ರಾಜ್ಯ ಸಮಿತಿಗೆ ಅವರಿಂದ ವಾರಕ್ಕೊಂದು ಪುಟ ಬರಬೇಕು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಆದದ್ದು ಕಲಬುರಗಿಯಲ್ಲಿ. ಬೆಂಗಳೂರಿನ ಅಂಕಿಗಳೇ ರಾಜ್ಯದ ಅಂಕಿ ಎಂದು ಕೂತ ಸಮಿತಿ ಗಡಿ ಜಿಲ್ಲೆಗಳಲ್ಲಿ ಶುರುವಾಗುವುದನ್ನು ಕಾಣುವುದಿಲ್ಲ.

ರೋಗ ತಗ್ಗಿದ ಮೇಲೆ ಸಮಿತಿ ಏನಾಗುತ್ತದೆ? ಆದೇಶದಲ್ಲಿ ಅವಧಿ ಇಲ್ಲದಿದ್ದರೆ ಅದು ರದ್ದೂ ಆಗದೆ ಸೇರಲೂ ಸೇರದೆ ಉಳಿಯುತ್ತದೆ. 2023ರ ಡಿಸೆಂಬರಿನಲ್ಲಿ ಕೋವಿಡ್‌ನ ಜೆಎನ್.1 ರೂಪಾಂತರಿ ಬಂದಾಗ ಡಾ. ಕೆ. ರವಿ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಕೆಲಸ ಮಾಡಿತು, 60 ದಾಟಿದವರಿಗೆ ಮಾಸ್ಕ್ ಸಲಹೆ ಹೊರಟಿತು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ನೇತೃತ್ವದಲ್ಲಿ ಸಂಪುಟ ಉಪಸಮಿತಿಯೂ ರಚನೆಯಾಯಿತು. ಹಾಗೆ ಮತ್ತೆ ಸೇರಬೇಕಾದ ದಿನಕ್ಕೆಂದು ಮುಚ್ಚುವ ಮೊದಲು ಕಡತದಲ್ಲಿ ಇಷ್ಟನ್ನು ಕಟ್ಟಿಡುತ್ತೇವೆ: ಹೊಸ ಪ್ರಕರಣ ಸಂಖ್ಯೆಗಳೊಡನೆ ತಿದ್ದಿದ ರಚನಾ ಆದೇಶದ ಖಾಲಿ ಕರಡು, ದತ್ತಾಂಶದ ನಾಲ್ಕು ಪುಟದ ನಮೂನೆ, ಪದಪಟ್ಟಿ, ಹಿತಾಸಕ್ತಿ ಘೋಷಣೆಯ ನಮೂನೆ, ಎಲ್ಲ ಸಭೆಗಳ ನಡವಳಿ, ಒಪ್ಪದ ಶಿಫಾರಸುಗಳು ಅವುಗಳ ಕಾರಣಗಳೊಡನೆ, ಆರು ತಿಂಗಳಿಗೊಮ್ಮೆ ಕರೆ ಮಾಡಿ ಖಚಿತಪಡಿಸಿಕೊಂಡ ತಜ್ಞರ ಪಟ್ಟಿ. ಪಟ್ಟಿಯ ಮೇಲ್ಗಡೆ, ಕೊನೆಯ ಸಲ ಕರೆ ಮಾಡಿದ ದಿನಾಂಕ ಮತ್ತು ಮಾಡಿದವರ ಹುದ್ದೆ.